ದೊಡ್ಡ ಹೆಸರಿನ ಕೆಮ್ಮು

ಈ ಕಥೆಯನ್ನು ದಯವಿಟ್ಟು ಬಾಯಿಬಿಟ್ಟು ಓದಬೇಡಿ. ಮನಸ್ಸಿನಲ್ಲೇ ಓದಿಕೊಳ್ಳಿ. ನಡುವೆ ಒಂದು ಹೆಸರು ಬರುತ್ತದೆ. ನಿಮ್ಮ ಮನೆಯ ಗೋಡೆಗೆ ಏನು ತೂಗುಹಾಕಿದ್ದೀರೋ ನನಗೇನು ಗೊತ್ತು? ಆಮೇಲೆ ನೆಂಟರ ಮುಂದೆ ಮರ್ಯಾದೆ ಹೋಯಿತು ಅಂತ ಈ ಪದ್ದಕ್ಕನನ್ನು ಬೈಯಬಾರದು. ಮೊದಲೇ ಹೇಳಿದ್ದೇನೆ.

ನಮ್ಮ ಊರಿನಲ್ಲಿ ಪ್ರತಿ ಮನೆಯ ನಡುಮನೆಯಲ್ಲೂ ಒಂದೊಂದು ಹಳೆಯ ಜಪಾನಿ ಕತ್ತಿ ಇದೆ. ಅವು ಎಲ್ಲಿಂದ ಬಂದವು, ಯಾರು ತಂದರು ಅಂತ ಕೇಳಬೇಡಿ. ಒಬ್ಬೊಬ್ಬರ ಅಜ್ಜಿ ಒಂದೊಂದು ಹೇಳಿ ಕಣ್ಣು ಮುಚ್ಚಿದ್ದಾಳೆ. ಕತ್ತಿಗಳೇನೋ ನೋಡಲು ಲಕ್ಷಣವಾಗಿವೆ. ತುಸು ಬಾಗಿದ ಮೈ, ಅಂಚಿನುದ್ದಕ್ಕೂ ಹಾಲಿನ ಕೆನೆ ಕಟ್ಟಿದಂಥ ಬಿಳಿ ಗೆರೆ. ಹಿಡಿಯಲ್ಲಿ ಒಂದು ಬಿದಿರಿನ ಮೊಳೆ ಇರುತ್ತದೆ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚಿಕೊಂಡು, ಒಳಗೆ ಅಡಗಿದ್ದ ತುಕ್ಕಿನ ಬುಡ ಕಾಣುತ್ತದೆ. ಆ ಬುಡದ ಮೇಲೆ ಕತ್ತಿ ಮಾಡಿದ ಕಮ್ಮಾರನ ಹೆಸರು ಉಳಿಯಿಂದ ಕೊರೆದಿರುತ್ತದೆ. ನಮ್ಮ ಊರಿನ ಮಾನ, ಮರ್ಯಾದೆ, ಕೊಡುವುದು, ತರುವುದು ಎಲ್ಲವೂ ನಿಂತಿರುವುದು ಆ ಬೆರಳುದ್ದದ ಬರವಣಿಗೆಯ ಮೇಲೆ.

ಹೆಸರು ಸುಳ್ಳಾಗಿದ್ದರೆ ಕತ್ತಿ ಕೆಮ್ಮುತ್ತದೆ. ಯಾರೋ ಬಡಪಾಯಿ ಕಮ್ಮಾರ ಮಾಡಿದ ಕತ್ತಿಯ ಮೇಲೆ ಇನ್ಯಾರೋ ಘನವಂತನ ಹೆಸರು ಕೊರೆದಿದ್ದರೆ, ಆ ಹೆಸರು ಕಿವಿಗೆ ಬಿದ್ದ ಕೂಡಲೇ ಕತ್ತಿ ಗೋಡೆಯ ಮೇಲಿಂದ ಖೊಕ್ ಖೊಕ್ ಅನ್ನುತ್ತದೆ. ಪಕ್ಕದ ಕೋಣೆಯಲ್ಲಿ ವಯಸ್ಸಾದ ಮಾವ ಮಲಗಿದ್ದಂತೆ, ಒಣ ಕೆಮ್ಮು. ಅಷ್ಟೇ. ಅದಕ್ಕಿಂತ ಹೆಚ್ಚಾಗಿ ಅದು ಯಾರಿಗೂ ತೊಂದರೆ ಕೊಟ್ಟಿದ್ದಿಲ್ಲ.

ಹಾಗಾದರೆ ಊರಿನಲ್ಲಿ ಯಾರ ಕತ್ತಿ ಸುಳ್ಳು, ಯಾರದು ಅಸಲಿ ಅಂತ ಎಲ್ಲರಿಗೂ ಗೊತ್ತಿರಬೇಕಲ್ಲ ಅಂತೀರಿ. ಅಯ್ಯೋ, ನಮ್ಮವರು ಅಷ್ಟು ದಡ್ಡರೇ? ಹೆಸರು ಓದಿದ ತಕ್ಷಣ ಮನೆಯವರು ಕೆಮ್ಮುತ್ತಾರೆ. ಮನೆಯವರು ಕೆಮ್ಮಿದ ಮೇಲೆ ಬಂದವರು ಸುಮ್ಮನೆ ಕೂರುವುದು ಮರ್ಯಾದೆಯಲ್ಲ, ಅವರೂ ಕೆಮ್ಮುತ್ತಾರೆ. ಈ ಗದ್ದಲದಲ್ಲಿ ಗೋಡೆ ಕೆಮ್ಮಿತೋ ಬಿಟ್ಟಿತೋ ಕಂಡವರು ಯಾರು? ನಮ್ಮಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಕೆಮ್ಮು ಕಲಿಸುತ್ತಾರೆ. ಹೆಣ್ಣು ನೋಡಲು ಹೋದವರು ಹಾಡು ಹೇಳು ಅನ್ನುವುದಿಲ್ಲ, "ಎಲ್ಲಿ, ಒಂದ್ಸಲ ಕೆಮ್ಮಮ್ಮಾ ಕೇಳೋಣ" ಅನ್ನುತ್ತಾರೆ. ಗಂಟಲು ಗಟ್ಟಿಯಿಲ್ಲದ ಹುಡುಗಿಯನ್ನು ದೊಡ್ಡ ಹೆಸರಿನ ಮನೆಗೆ ತಂದುಕೊಳ್ಳುವವರು ಯಾರು ಹೇಳಿ?

ನಾನು ಶುಂಠಿ ಉಂಡೆ ಮಾಡಿ ಮಾರುವವಳು. ಶುಂಠಿ, ಮೆಣಸು, ಜ್ಯೇಷ್ಠಮಧು, ಹಳೇ ಬೆಲ್ಲ. ಊರಿನ ಗಂಟಲೆಲ್ಲ ನನ್ನ ಉಂಡೆಯ ಮೇಲೇ ನಿಂತಿದೆ. ಹಾಗಾಗಿ ಈ ವಿಷಯದಲ್ಲಿ ನಾನು ಯಾರನ್ನೂ ಬೈಯುವ ಹಾಗಿಲ್ಲ, ಆದರೂ ಬೈಯುತ್ತೇನೆ.

ಆ ಕಮ್ಮಾರರಲ್ಲೆಲ್ಲ ಘನವಂತ ಟೊಕಿಮುನೆ. (ಬಾಯಿಬಿಟ್ಟು ಓದಬೇಡಿ ಅಂದೆನಲ್ಲ!) ಬದುಕಿದ್ದಾಗ ಅವನು ಮಾಡಿದ್ದು ಬೆರಳೆಣಿಕೆಯಷ್ಟು ಕತ್ತಿ ಅಂತ ಕೇಳಿದ್ದೇನೆ. ನಮ್ಮ ಊರಿನ ಗೋಡೆಗಳನ್ನು ನೋಡಿದರೆ ಆ ಪುಣ್ಯಾತ್ಮ ಊಟ ನಿದ್ದೆ ಬಿಟ್ಟು ಸುತ್ತಿಗೆ ಹಿಡಿದೇ ಹುಟ್ಟಿರಬೇಕು. ಮುಂದಿನ ಸಾಲಿನ ಮನೆಗಳ ಕತ್ತಿಗಳೆಲ್ಲ ಅವನವೇ. ಚಾವಡಿಯಲ್ಲಿ ಮುಂದಿನ ಬೆಂಚು ಅವನ ಹೆಸರಿನ ಮನೆತನಗಳಿಗೆ ಮೀಸಲು. ಅದರ ಹಿಂದೆ ಸಣ್ಣಪುಟ್ಟ ಹೆಸರಿನವರು. ಕೊನೆಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಹೆಸರೇ ಇಲ್ಲದ ಕತ್ತಿಯವರು. ಯಾರೂ ಆ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ಆಡುವುದಿಲ್ಲ. "ದೊಡ್ಡವರು" ಅನ್ನುತ್ತಾರೆ. ದೊಡ್ಡವರ ಕತ್ತಿ, ದೊಡ್ಡವರ ಮನೆ. ಗೌರವಕ್ಕೆ ಅಂತ ಹೇಳಿಕೊಳ್ಳುತ್ತಾರೆ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹೆಸರು ಕೊರೆಯುವುದು ಅರದ ಆಚಾರಿಯ ಕೆಲಸ. ಕೊರೆದು, ಹುಣಸೆಹುಳಿ ಉಪ್ಪು ಹಚ್ಚಿ, ಒದ್ದೆ ಬೂದಿಯಲ್ಲಿ ಹೂತಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಮುತ್ತಜ್ಜನ ಕಾಲದ ತುಕ್ಕು. ಹೆಸರನ್ನು ಅರ ಹಾಕಿ ಉಜ್ಜಿ ಅಳಿಸುವವನೂ ಅವನೇ, ಆದರೆ ಅಳಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಒಮ್ಮೆ ಹೊರಗಿನಿಂದ ಒಬ್ಬ ಕತ್ತಿ ವ್ಯಾಪಾರಿ ಬಂದಿದ್ದ. ಮನೆಮನೆಗೆ ಹೋಗಿ ಅಂಚು ನೋಡಿದ, ಬೆಳಕಿಗೆ ಹಿಡಿದು ನೋಡಿದ. "ಉಕ್ಕು ಚೆನ್ನಾಗಿದೆ ಸ್ವಾಮೀ, ಈ ಹೆಸರೇ ಇದಕ್ಕೆ ಹಿಡಿದಿರೋ ದರಿದ್ರ. ಸುಳ್ಳು ಹೆಸರು ಅಂತ ಗೊತ್ತಾದ್ರೆ ನಮ್ಮ ಕಡೆ ಇದನ್ನ ಮುಟ್ಟೋರಿಲ್ಲ. ಉಜ್ಜಿ ತೆಗೆಸಿಬಿಡಿ, ಹೆಸರಿಲ್ಲದ ಒಳ್ಳೇ ಕತ್ತಿ ಅಂತ ನಾನೇ ಹೆಚ್ಚು ಕೊಟ್ಟು ತಗೋತೀನಿ" ಅಂದ. ಅವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಎಲ್ಲರೂ ತೀರ್ಮಾನಿಸಿ ಊಟ ಹಾಕಿ ಕಳಿಸಿದರು. ಹೋಗುವಾಗ ಪಾಪ ಅವನೂ ಕೆಮ್ಮುತ್ತಿದ್ದ.

ಇಂಥ ಊರಿನಲ್ಲಿ ಕೆಮ್ಮಿನ ರಾಜ ಅಂದರೆ ಮರಿದೇವಯ್ಯ. ನಮ್ಮ ಪಕ್ಕದ ಮನೆ. ಅವರ ಮನೆಯದು ದೊಡ್ಡವರ ಕತ್ತಿ, ಮುಂದಿನ ಬೆಂಚಿನಲ್ಲಿ ಗೋಡೆ ಪಕ್ಕದ ಜಾಗ. ಮರಿದೇವಯ್ಯ ಕೆಮ್ಮಿದರೆ ಅಟ್ಟದ ಮೇಲಿನ ಪಾತ್ರೆ ಅದುರುತ್ತಿತ್ತು. ಬೇರೆ ಮನೆಗಳಲ್ಲಿ ಹೆಸರು ಓದಿಸುವ ದಿನ ಅವರನ್ನು ಎಲೆ ಅಡಿಕೆ ಕೊಟ್ಟು ಕರೆಯುತ್ತಿದ್ದರು. ಹೋಗಿ ಎದೆ ತುಂಬಾ ಕೆಮ್ಮಿ, ಹೋಳಿಗೆ ಊಟ ಮಾಡಿ ಬರುತ್ತಿದ್ದರು. ಕೆಮ್ಮಿ ಕೆಮ್ಮಿ ಅವರ ಕಿವಿ ಮಂದವಾಗಿತ್ತು. ಕೊನೆಗೆ ಎದೆಯೂ ಕೈಕೊಟ್ಟಿತು. ನಾನು ಎಷ್ಟು ಉಂಡೆ ಕೊಟ್ಟರೂ ಉಳಿಯಲಿಲ್ಲ.

ಅವರ ಹೆಂಡತಿ ತಿಮ್ಮಾಜಮ್ಮ ಮಾತ್ರ ಮೊದಲಿನಿಂದಲೂ ಬೇರೆ ಥರ. ಕೆಮ್ಮಲು ಹೋದರೆ ಅವಳಿಗೆ ನಗು ಬರುತ್ತಿತ್ತು. ಗಂಡ ಹೆಂಡತಿಗೆ ಇದೇ ಜಗಳ. ಗೋಡೆಯ ಈ ಕಡೆ ಕೂತು ನಾನು ಕೇಳಿಸಿಕೊಂಡಿದ್ದೇ ಎಷ್ಟು ಸಲವೋ.

"ರೀ, ದೇವ್ರಾಣೆ ಮಾಡಿ ಹೇಳಿ. ನಮ್ಮ ಕತ್ತಿ ಅಸಲೀನಾ?"

"ಅಸಲಿ ಕಣೇ. ನಮ್ಮಜ್ಜ ಹೇಳಿದ್ದಾನೆ."

"ಮತ್ಯಾಕೆ ಕೆಮ್ತೀರಿ?"

"ಎಲ್ಲಾರೂ ಕೆಮ್ಮೋವಾಗ ನಾನೊಬ್ಬ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಚೆನ್ನಾಗಿರ್ತದಾ?"

"ಹಂಗಂದ್ರೆ ನಿಮಗೂ ನಂಬಿಕೆ ಇಲ್ಲ ಅನ್ನಿ."

ಅಲ್ಲಿಗೆ ಮರಿದೇವಯ್ಯನಿಗೆ ಕಿವಿ ಕೇಳಿಸುತ್ತಿರಲಿಲ್ಲ. ತಿಮ್ಮಾಜಮ್ಮ ನನ್ನ ಹತ್ತಿರ ಬಂದು, "ಸುಳ್ಳು ಹೇಳೋದು ಊರಿಗೆಲ್ಲ ಇದ್ದಿದ್ದೇ ಬಿಡೇ ಪದ್ದಕ್ಕ, ನನ್ನ ಹತ್ರಾನೂ ಹೇಳ್ಬೇಕಾ? ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು?" ಅನ್ನುತ್ತಿದ್ದಳು. ಕತ್ತಿ ಸುಳ್ಳಾಗಿದ್ದರೆ ಅವಳಿಗೆ ಬೇಜಾರಿರಲಿಲ್ಲ. ಗಂಡ ತನಗೆ ಸುಳ್ಳು ಹೇಳುತ್ತಾನೆ ಅನ್ನುವುದು ಒಳಗೊಳಗೇ ಚುಚ್ಚುತ್ತಿತ್ತು.

ಗಂಡ ಹೋದ ಮೇಲೆ ತಿಥಿಯ ದಿನ ಬಂತು. ನಮ್ಮಲ್ಲಿ ಮನೆಯ ಯಜಮಾನ ಸತ್ತರೆ ತಿಥಿಯ ಊಟಕ್ಕೆ ಮುಂಚೆ ಕತ್ತಿಯ ಹಿಡಿ ಕಳಚಿ ಹೆಸರು ಓದಿಸಬೇಕು. ಯಾರು ಕೆಮ್ಮುತ್ತಾರೋ ಆ ಮನೆಗೆ ಇನ್ನು ಮುಂದೆ ಅವರು ಯಜಮಾನರು. ಮಕ್ಕಳಿಲ್ಲದ ಮನೆ, ತಿಮ್ಮಾಜಮ್ಮನೇ ಕೆಮ್ಮಬೇಕಿತ್ತು. ಊರಿನ ಯಜಮಾನರಾದ ಗುರುಪಾದಯ್ಯ ಶಲ್ಯ ಹೊದ್ದು ಮುಂದೆ ಕೂತಿದ್ದರು. ಹೆಸರೋದುವ ನರಹರಿ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಆ ಕೋಳಿ ಕೆದಕಿದಂಥ ಅಕ್ಷರ ಓದಲು ಬರುವುದು ಊರಿನಲ್ಲಿ ಅವರೊಬ್ಬರಿಗೇ, ಬಹಳ ಮೆತ್ತನೆಯ ಜೀವ. ಗುರುಪಾದಯ್ಯ ಹೂಂ ಅಂದರೆ ಮೇಷ್ಟ್ರೂ ಹೂಂ.

ಮೇಷ್ಟ್ರು ಬಾಯಿ ತೆರೆಯುವ ಹೊತ್ತಿಗೆ ತಿಮ್ಮಾಜಮ್ಮ ಎದ್ದು ನಿಂತಳು. ಅತ್ತೂ ಅತ್ತೂ ಮುಖ ಊದಿತ್ತು.

"ಎಲ್ಲರಿಗೂ ಕೈ ಮುಗೀತೀನಿ. ಇವತ್ತೊಂದು ದಿನ ಯಾರೂ ಕೆಮ್ಮಬೇಡಿ. ನಾನೂ ಕೆಮ್ಮಲ್ಲ. ಈ ಮನೆಗೆ ಬಂದಾಗ್ನಿಂದ ಕೆಮ್ಮು ಬಿಟ್ರೆ ಬೇರೆ ಕೇಳಿಲ್ಲ ನಾನು. ಗೋಡೆ ಮೇಲಿರೋದು ಏನಂತದೋ ಒಂದ್ಸಲ ಕೇಳಿಬಿಡ್ತೀನಿ."

ಅವಳು ಬಟ್ಟೆ ಬಿಚ್ಚಿ ನಿಂತಿದ್ದರೂ ಜನ ಅಷ್ಟು ಗಾಬರಿ ಬೀಳುತ್ತಿರಲಿಲ್ಲ. ಮೇಷ್ಟ್ರು ಹೆದರಿ ಹೆಸರು ಓದಿಯೇ ಬಿಟ್ಟರು. ಓದಿದ್ದೇ ತಡ, ಇಡೀ ನಡುಮನೆ ಕೆಮ್ಮಿತು. ರೂಢಿ ನೋಡಿ. ಅದರಲ್ಲೂ ಗುರುಪಾದಯ್ಯನವರ ಕೆಮ್ಮು ಎಲ್ಲಕ್ಕಿಂತ ಮೇಲೆ. ಕೆಮ್ಮಿ ಮುಗಿಸಿ, ಶಲ್ಯದಲ್ಲಿ ಬಾಯಿ ಒರೆಸಿಕೊಂಡು, "ಕೆಮ್ತು" ಅಂದರು.

"ಏನು ಕೆಮ್ತು?" ಅಂದಳು ತಿಮ್ಮಾಜಮ್ಮ.

"ನಿಮ್ಮ ಕತ್ತಿ. ಈ ಕಿವಿಯಾರೆ ಕೇಳಿದೀನಿ. ಪಾಪ, ಮರಿದೇವಯ್ಯ ಇರೋ ತನಕ ಮುಚ್ಚಿಟ್ಟಿದ್ದ. ಈಗ ಬಯಲಾಯ್ತು. ನಾವೇನು ಮಾಡೋಕಾಗ್ತದಮ್ಮಾ, ನೀನೇ ಕೇಳಿಸ್ಕೊಂಡೆ."

ಇಷ್ಟಕ್ಕೂ ಗುರುಪಾದಯ್ಯನವರಿಗೆ ಹೊಸದಾಗಿ ಒಬ್ಬ ಅಳಿಯ ಬಂದಿದ್ದ. ಅಳಿಯನಿಗೆ ಮುಂದಿನ ಬೆಂಚಿನಲ್ಲಿ ಜಾಗ ಬೇಕಿತ್ತು. ಮುಂದಿನ ಬೆಂಚು ತುಂಬಿ ತುಳುಕುತ್ತಿತ್ತು. ಗೋಡೆ ಪಕ್ಕದ ಮರಿದೇವಯ್ಯನ ಜಾಗ ಒಂದು ಖಾಲಿಯಾದರೆ ಅಳಿಯ ಬೆನ್ನಿಗೆ ಒರಗು ಕೊಟ್ಟು ಕೂರಬಹುದಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ನಾಳೆ ತಮ್ಮ ಗೋಡೆಯ ಮೇಲಿನದರ ಗತಿ? ಎಲ್ಲರೂ ಎಲೆಯ ಮುಂದೆ ತಲೆ ಬಗ್ಗಿಸಿ ತಿಥಿಯ ವಡೆ ತಿಂದು ಎದ್ದು ಹೋದರು. ನನಗೆ ಮೈ ಉರಿದುಹೋಯಿತು.

ಮಾರನೆಯ ದಿನವೇ ಅಪ್ಪಣೆ ಬಂತು. ವರ್ಷಕ್ಕೊಮ್ಮೆ ಚಾವಡಿಯಲ್ಲಿ ಎಲ್ಲ ಕತ್ತಿಗಳನ್ನೂ ತಂದು ಗೋಡೆಗೆ ತೂಗುಹಾಕಿ ಹೆಸರೋದುವ ದಿನ ಹತ್ತಿರದಲ್ಲೇ ಇತ್ತು. ಅಂದು ತಿಮ್ಮಾಜಮ್ಮನ ಕತ್ತಿಯ ಹೆಸರನ್ನು ಎಲ್ಲರೆದುರು ಅರ ಹಾಕಿ ಅಳಿಸತಕ್ಕದ್ದು. ಅವಳು ಚಪ್ಪಲಿ ಪಕ್ಕದ ಬೆಂಚಿಗೆ ಹೋಗತಕ್ಕದ್ದು. ಇಷ್ಟು ವರ್ಷ ಊರಿಗೆ ಮೋಸ ಮಾಡಿದ ಮರಿದೇವಯ್ಯನ ಹೆಸರನ್ನು ಇನ್ನು ಮೇಲೆ ಯಾರೂ ಒಳ್ಳೆಯ ಕಾರ್ಯದಲ್ಲಿ ಎತ್ತತಕ್ಕದ್ದಲ್ಲ.

"ಬೆಂಚು ಹಾಳಾಗ್ಲಿ, ಎಲ್ಲಿ ಕೂತ್ರೂ ಅದೇ ಮರ" ಅಂದಳು ತಿಮ್ಮಾಜಮ್ಮ, ನಮ್ಮ ಜಗಲಿಯ ಮೇಲೆ ಕೂತು. "ಅವ್ರನ್ನ ಮೋಸಗಾರ ಅಂದ್ಬಿಟ್ರಲ್ಲೇ. ಅದೂ ನನ್ನಿಂದ. ನಾನು ತೆಪ್ಪಗೆ ಒಂದ್ಸಲ ಕೆಮ್ಮಿದ್ರೆ ಮುಗೀತಿತ್ತು."

"ಅದಿರಲಿ, ನಿನಗೆ ನಿಜ ಗೊತ್ತಾಗ್ಬೇಕು ತಾನೇ? ಒಳಗೆ ಹೋಗು, ಬಾಗಿಲು ಹಾಕ್ಕೋ, ಹೆಸರು ಹೇಳು, ಕೇಳು. ಅದಕ್ಕೆ ಮೇಷ್ಟ್ರು ಯಾಕೆ, ಯಜಮಾನ್ರು ಯಾಕೆ?" ಅಂದೆ.

ಅವಳು ತನ್ನ ಮನೆಯ ಬಾಗಿಲ ಕಡೆ ನೋಡಿದಳು.

"ಹೋಗಿದ್ದೆ ಕಣೇ. ದಿನಾ ಹೋಗ್ತೀನಿ. ಮುಂದೆ ಕೂತ್ಕೊಂಡು 'ಟೊಕಿ' ಅಂತೀನಿ. ಅಲ್ಲಿಗೆ ಬಾಯಿ ಒಣಗ್ತದೆ. ಕೆಮ್ಮಿಬಿಟ್ರೆ? ಅವ್ರು ಹೇಳಿದ್ದು ಸುಳ್ಳೇ ಅಂತಾದ್ರೆ? ಸತ್ತೋರ ಹತ್ರ ಜಗಳಾನೂ ಆಡೋಕಾಗಲ್ಲ."

ನಾನು ಬುದ್ಧಿ ಹೇಳಲು ಹೊರಟಿದ್ದೆ. ಆಗ ನನಗೂ ಹೊಳೆಯಿತು. ನಮ್ಮ ಊರಿನಲ್ಲಿ ಯಾರೂ, ಒಬ್ಬರೆಂದರೆ ಒಬ್ಬರೂ, ತಮ್ಮ ಕತ್ತಿಯ ಮುಂದೆ ಸುಮ್ಮನೆ ಕೂತು ಕೇಳಿದವರೇ ಇಲ್ಲ. ಎಲ್ಲರೂ ಹುಟ್ಟಿದಾಗಿನಿಂದ ಮುಚ್ಚುತ್ತಿದ್ದಾರೆ, ಏನನ್ನು ಮುಚ್ಚುತ್ತಿದ್ದಾರೆ ಅಂತ ಯಾರೂ ನೋಡಿಲ್ಲ.

ಚಾವಡಿಯ ದಿನ ಬಂತು. ನಾನು ಬೆಳಗ್ಗೆಯೇ ಬಾಗಿಲಲ್ಲಿ ಉಂಡೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ವರ್ಷದಲ್ಲಿ ನನಗೆ ಅದೊಂದೇ ದೊಡ್ಡ ವ್ಯಾಪಾರ. ಒಬ್ಬೊಬ್ಬರೇ ಕತ್ತಿ ತಂದು ಗೋಡೆಯ ಗೂಟಗಳಿಗೆ ತೂಗುಹಾಕಿದರು. ನಾಲ್ಕೂ ಗೋಡೆ ತುಂಬಿತು. ನಡುವೆ ಮಣೆಯ ಮೇಲೆ ಆಚಾರಿ ಅರ ಇಟ್ಟುಕೊಂಡು ಕೂತ. ತಾನೇ ಕೊರೆದ ಹೆಸರುಗಳೆಲ್ಲ ಸುತ್ತಲೂ ತೂಗುತ್ತಿದ್ದರೂ ಆಸಾಮಿಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ತಿಮ್ಮಾಜಮ್ಮ ಕತ್ತಿಯನ್ನು ಗಂಡನ ಹಳೇ ಪಂಚೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡು ಬಂದಂತೆ ಬಂದಳು. ಅಳಿಯ ಆಗಲೇ ಗೋಡೆ ಪಕ್ಕದ ಜಾಗದಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದ. ಅವಳ ಕತ್ತಿಯನ್ನು ಆ ಜಾಗದ ಮೇಲಿನ ಗೂಟಕ್ಕೇ ಕೊನೆಯ ಸಲ ತೂಗುಹಾಕಿದರು.

ಆಚಾರಿ ಅರ ಕೈಗೆತ್ತಿಕೊಂಡ. ಆಗ ಎದ್ದು ನಿಂತವರು, ಯಾರು ಅಂತೀರಿ, ನರಹರಿ ಮೇಷ್ಟ್ರು.

"ಯಜಮಾನ್ರೇ, ತಪ್ಪು ತಿಳೀಬೇಡಿ. ಹಳೇ ಕಟ್ಟಳೆ ಒಂದಿದೆ. ಕತ್ತಿ ಕೆಮ್ಮಿದ್ದನ್ನ ಇಡೀ ಚಾವಡಿ ಕೇಳದೆ ಹೆಸರು ಅಳಿಸೋ ಹಾಗಿಲ್ಲ. ಅರ ಒಂದ್ಸಲ ಬಿದ್ರೆ ವಾಪಸ್ ಬರೋದಲ್ಲ ನೋಡಿ, ಅದಕ್ಕೆ."

ಮೇಷ್ಟ್ರು ಇದನ್ನು ಧೈರ್ಯದಿಂದ ಹೇಳಿದರು ಅಂದುಕೊಳ್ಳಬೇಡಿ. ಕಟ್ಟಳೆ ತಪ್ಪಿದರೆ ಪಾಪ ತನ್ನ ತಲೆಗೆ ಸುತ್ತಿಕೊಳ್ಳುತ್ತದೆ ಅನ್ನುವ ಭಯಕ್ಕೆ ಹೇಳಿದರು. ಗುರುಪಾದಯ್ಯನವರಿಗೆ ಇದು ಹಬ್ಬದೂಟದಂತೆ ಕಂಡಿತು. ಎಲ್ಲರೆದುರು ಕೆಮ್ಮಿಸಿಬಿಟ್ಟರೆ ಆಮೇಲೆ ಯಾರೂ ಒಂದು ಮಾತು ಆಡುವ ಹಾಗಿಲ್ಲವಲ್ಲ. ಎದ್ದು ನಿಂತು, ಶಲ್ಯ ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು.

"ಸರಿ, ಹಾಗೇ ಆಗ್ಲಿ. ಈಗ ಮೇಷ್ಟ್ರು ಹೆಸರು ಓದ್ತಾರೆ. ಯಾರೂ ಕೆಮ್ಮಕೂಡದು. ಹೆಂಗಸರು, ಗಂಡಸರು, ಮಕ್ಕಳು, ಯಾರೂನೂ. ಉಸಿರು ಬಿಗಿಹಿಡೀರಿ. ಆಯಮ್ಮನ ಕತ್ತಿ ಹೆಂಗೆ ಕೆಮ್ತದೆ ಅಂತ ಊರು ಕೇಳ್ಲಿ."

ನೋಡಿ, ಬುದ್ಧಿವಂತರಿಗೇ ಇಂಥ ಬುದ್ಧಿ ಬರುವುದು. ಚಾವಡಿಯ ಗೋಡೆಗಳ ಮೇಲೆ ಏನು ತೂಗುತ್ತಿದೆ ಅಂತ ಆ ಮಹಾರಾಯರಿಗೆ ಆ ಕ್ಷಣದಲ್ಲಿ ನೆನಪಿರಲಿಲ್ಲ. ಅವರೊಬ್ಬರಿಗೇ ಏನು, ಯಾರಿಗೂ ಇರಲಿಲ್ಲ. ಪ್ರತಿ ವರ್ಷ ಎಲ್ಲರೂ ಒಟ್ಟಿಗೆ ಕೆಮ್ಮುವ ಗಲಾಟೆಯಲ್ಲಿ ಗೋಡೆಯ ಕಡೆ ಕಿವಿಗೊಟ್ಟವರೇ ಇರಲಿಲ್ಲವಲ್ಲ. ನಾನೂ ತಿಮ್ಮಾಜಮ್ಮನ ಮುಖವನ್ನೇ ನೋಡುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಚಾವಡಿ ಸ್ತಬ್ಧವಾಯಿತು. ಅಂಥ ಮೌನವನ್ನು ನಮ್ಮ ಊರು ಅದಕ್ಕೂ ಮುಂಚೆ ಕೇಳಿರಲಿಲ್ಲ. ಮೇಷ್ಟ್ರು ಹಿಡಿ ಕಳಚಿದ ಕತ್ತಿಯ ಬುಡಕ್ಕೆ ಮೂಗು ತಾಗಿಸಿ, ನಿಧಾನವಾಗಿ, ಸ್ಪಷ್ಟವಾಗಿ ಓದಿದರು. "ಟೊಕಿಮುನೆ."

ಮೊದಲು ಎಡಗಡೆಯ ಗೋಡೆ ಕೆಮ್ಮಿತು. ಅದರ ಹಿಂದೆಯೇ ಬಾಗಿಲ ಮೇಲಿನದು. ಆಮೇಲೆ ಒಂದಕ್ಕೊಂದು ತಗುಲಿಕೊಂಡವು. ಖೊಕ್ ಖೊಕ್ ಖೊಕ್ ಅಂತ ಇಡೀ ಚಾವಡಿ, ಶೀತ ಹಿಡಿದ ಶಾಲೆಯ ಹಾಗೆ. ಗುರುಪಾದಯ್ಯನವರ ಕತ್ತಿ ಎಲ್ಲಕ್ಕಿಂತ ದೊಡ್ಡದಾಗಿ ಕೆಮ್ಮಿ, ಒಂದು ಸಲ ಸುಮ್ಮನಾಗಿ, ಸಾಲದು ಅಂತ ಮತ್ತೊಮ್ಮೆ ಕೆಮ್ಮಿತು. ಜನರು ಬಾಯಿ ತೆರೆದವರು ತೆರೆದ ಹಾಗೇ. ಉಸಿರು ಹಿಡಿಯಿರಿ ಅಂದಿದ್ದರಲ್ಲ, ಮುಚ್ಚುವವರಾದರೂ ಯಾರು?

ದೊಡ್ಡವರ ಹೆಸರು ಹೊತ್ತ ಕತ್ತಿಗಳಲ್ಲಿ ಅಳಿಯನ ತಲೆಯ ಮೇಲಿನದು ಒಂದೇ ಒಂದು ಸುಮ್ಮನಿತ್ತು.

ತಿಮ್ಮಾಜಮ್ಮ ಕಣ್ಣು ಬಿಟ್ಟಳು. ಎದ್ದು ಹೋಗಿ, ಅಳಿಯನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ, ಕತ್ತಿಯ ಹತ್ತಿರ ಕಿವಿಯಿಟ್ಟಳು. ಇನ್ನೊಂದು ಸಲ ತಾನೇ ಆ ಹೆಸರು ಹೇಳಿದಳು. ಸುತ್ತಲಿನವು ಮತ್ತೆ ಕೆಮ್ಮಿದವು, ಅವಳ ಕಿವಿಯ ಹತ್ತಿರದ್ದು ಕೆಮ್ಮಲಿಲ್ಲ. ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದಳು. ನಾನು ಬುಟ್ಟಿ ಬಿಟ್ಟು ಓಡಿದೆ.

"ನಿಜಾನೇ ಹೇಳಿದ್ರು ಕಣೇ ಪದ್ದಕ್ಕ. ನಿಜಾನೇ ಹೇಳಿದ್ರು. ನಾನು ನಂಬಲಿಲ್ಲ. ಅವ್ರೂ ನಂಬಲಿಲ್ಲ. ಒಂದ್ಸಲ, ಒಂದೇ ಒಂದ್ಸಲ ಸುಮ್ನಿದ್ದು ಕೇಳಿದ್ರೆ ಆಗ್ತಿತ್ತಲ್ಲೇ. ಇಲ್ದಿರೋ ಕೆಮ್ಮನ್ನ ಮುಚ್ಚೋಕೆ ಎದೆ ಒಡ್ಕೊಂಡು ಸತ್ರಲ್ಲೇ."

ಅವಳ ಜೊತೆ ನಾನೂ ಅತ್ತೆ. ಆ ಮನುಷ್ಯನಿಗೆ ಉಂಡೆ ಕಟ್ಟಿಕೊಟ್ಟ ಕೈ ಇದೇ.

ಇಷ್ಟಾದ ಮೇಲೆ ಊರು ನಾಚಿಕೊಂಡು ತಲೆ ತಗ್ಗಿಸಿತು ಅಂತ ನೀವು ಕಾಯುತ್ತಿದ್ದರೆ, ನಿಮಗೆ ನಮ್ಮ ಗುರುಪಾದಯ್ಯ ಗೊತ್ತಿಲ್ಲ. ಒಂದು ಗಳಿಗೆ ಅವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅಷ್ಟೇ. ಎರಡನೆಯ ಗಳಿಗೆಗೆ ಎರಡೂ ಕೈ ಜೋಡಿಸಿ ಗೋಡೆಗೆ ನಮಸ್ಕಾರ ಮಾಡಿದರು.

"ಕೇಳಿದ್ರಾ? ಕೇಳಿದ್ರೇನ್ರಪ್ಪಾ? ದೊಡ್ಡವರ ಹೆಸರು ಹೇಳಿದ ತಕ್ಷಣ ಹೆಂಗೆ ಓಗೊಟ್ಟವು! ತಮ್ಮನ್ನ ಹುಟ್ಟಿಸಿದೋರ ಹೆಸರು ಯಾರಿಗೆ ತಾನೇ ಎದೆ ತುಂಬಲ್ಲ? ಅವನ್ನೆಲ್ಲ ಮಾಡಿದ ಕೈ ಒಂದೇ, ಅದಕ್ಕೇ ಒಂದೇ ದನಿ. ಆ ಹೆಸರು ಹೊತ್ಕೊಂಡೂ ಓಗೊಡದೆ ಕಲ್ಲು ಹಂಗೆ ಕೂತಿರೋದು ಯಾವ್ದು? ಇದೊಂದು. ಹಂಗಾರೆ ಸುಳ್ಳು ಯಾವ್ದು? ನೀವೇ ಹೇಳಿ."

ಚಾವಡಿಯಲ್ಲಿ ಹಿಡಿದಿಟ್ಟಿದ್ದ ಉಸಿರೆಲ್ಲ ಒಟ್ಟಿಗೆ ಹೊರಬಂತು. "ಅದೇ ಮತ್ತೆ!" ಅಂತ ಯಾರೋ ಅಂದರು. "ನಾನೂ ಅದನ್ನೇ ಅಂದ್ಕೊಂಡೆ" ಅಂತ ಇನ್ನೊಬ್ಬರು. ತಲೆತಲಾಂತರದಿಂದ ಅವಮಾನ ಅಂತ ಮುಚ್ಚಿಟ್ಟಿದ್ದು ಕಣ್ಣೆದುರಿಗೇ ಭಕ್ತಿಯಾಗಿಬಿಟ್ಟಿತು. ಕೆಲವರು ಸಂತೋಷಕ್ಕೆ ಕಣ್ಣೊರೆಸಿಕೊಂಡರು. ಥೂ, ಇವರ ಬಾಯಿಗಿಷ್ಟು ಮಣ್ಣು ಹಾಕ ಅಂತ ನಾನು ಗಟ್ಟಿಯಾಗಿಯೇ ಅಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆಚಾರಿ, ಅರ ತಗೋ" ಅಂದರು ಗುರುಪಾದಯ್ಯ.

ತಿಮ್ಮಾಜಮ್ಮ ಕಣ್ಣೊರೆಸಿಕೊಂಡು ಎದ್ದಳು. ಕತ್ತಿಯನ್ನು ತಾನೇ ಗೂಟದಿಂದ ಇಳಿಸಿದಳು.

"ಮೇಷ್ಟ್ರೇ, ಕಟ್ಟಳೆ ಇನ್ನೊಂದ್ಸಲ ಹೇಳಿ."

ಮೇಷ್ಟ್ರು ಯಜಮಾನರ ಮುಖ ನೋಡಿದರು, ಇವಳ ಮುಖ ನೋಡಿದರು, ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಅವರಿಗೆ ಯಾರ ಮುಖವೂ ಕಾಣುವುದಿಲ್ಲ. "ಕೆಮ್ಮಿದ್ದನ್ನ ಇಡೀ ಚಾವಡಿ ಕೇಳದೆ ಹೆಸರು ಅಳಿಸೋ ಹಾಗಿಲ್ಲ" ಅಂದರು.

"ಇದು ಕೆಮ್ತಾ?"

ಕೆಮ್ಮಿತು ಅಂದರೆ ಓಗೊಟ್ಟಿತು ಅಂತಾಯಿತು. ಕೆಮ್ಮಲಿಲ್ಲ ಅಂದರೆ ಅರ ಮುಟ್ಟುವಂತಿಲ್ಲ. ಆಚಾರಿ ಅರವನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡ. ಅವನಿಗೆ ಹೋಗಿ ಬೇರೆಯವರ ಹೆಸರು ಕೊರೆಯುವುದಿತ್ತು.

"ಸರಿ, ಹೆಸರು ಇಟ್ಕೊಳಮ್ಮಾ" ಅಂದರು ಕೊನೆಗೆ ಯಜಮಾನರು. "ಆದ್ರೆ ಓಗೊಡದ ಕತ್ತಿ ಮುಂದಿನ ಬೆಂಚಿನಲ್ಲಿ ಇರೋ ಹಾಗಿಲ್ಲ. ನಿನ್ನ ಜಾಗ ಹಿಂದೆ."

"ಆಗ್ಲಿ" ಅಂದಳು. ಕತ್ತಿಯನ್ನು ಪಂಚೆಯಲ್ಲಿ ಸುತ್ತಿಕೊಂಡು, ಚಪ್ಪಲಿಗಳನ್ನು ದಾಟಿಕೊಂಡು ಮನೆಗೆ ನಡೆದಳು. ಅಳಿಯ ದಿಂಬು ಸರಿಮಾಡಿಕೊಂಡ.

ಹೀಗೆ ನಮ್ಮ ಊರಿನಲ್ಲಿ ದೊಡ್ಡವರ ಒಂದೇ ಒಂದು ಅಸಲಿ ಕತ್ತಿ ಈಗ ಎಲ್ಲಕ್ಕಿಂತ ಕಡಿಮೆ ಬೆಲೆಯದು. ಬಿಟ್ಟಿ ಕೊಟ್ಟರೂ ಯಾರೂ ಮನೆಯೊಳಗೆ ಸೇರಿಸುವುದಿಲ್ಲ. ಸುಳ್ಳು ಹೆಸರಿನವಕ್ಕೆ ಬೆಲೆ ಇನ್ನೂ ಏರಿದೆ. ಭಕ್ತಿ ಹೆಚ್ಚಿದಷ್ಟೂ ಕೆಮ್ಮು ಜೋರು ಅಂತ ಹೇಳಿಕೊಂಡು ತಿರುಗುತ್ತಾರೆ. ಆದರೆ ಒಂದು ವಿಚಿತ್ರ ನೋಡಿ. ಅಷ್ಟು ಭಕ್ತಿ ಅನ್ನುವವರು ಇವತ್ತಿಗೂ ಹೆಸರೋದುವಾಗ ಮೇಲಿನಿಂದ ತಾವೂ ಕೆಮ್ಮಿ ಮುಚ್ಚುತ್ತಾರೆ. ಯಾಕೆ ಅಂದರೆ ರೂಢಿ ಅನ್ನುತ್ತಾರೆ.

ಚಾವಡಿಯ ಮಾರನೆಯ ದಿನ ಸಂಜೆ ತಿಮ್ಮಾಜಮ್ಮ ದೇವರಿಗೆ ದೀಪ ಹಚ್ಚಿ, ಜಗಲಿಗೆ ಬಂದು ನಿಂತಳು. ಹೊಲದಿಂದ ಗಂಡನನ್ನು ಊಟಕ್ಕೆ ಕರೆಯುವವರ ಹಾಗೆ, ಎದೆ ತುಂಬಾ ಉಸಿರು ತುಂಬಿಕೊಂಡು ಕೂಗಿದಳು.

"ಟೊಕಿಮುನೇ!"

ಎದುರು ಮನೆ ಕೆಮ್ಮಿತು. ಪಕ್ಕದ ಮನೆ ಕೆಮ್ಮಿತು. ಬೀದಿಯುದ್ದಕ್ಕೂ, ತಿರುವಿನ ಆಚೆಯವರೆಗೂ, ಮನೆಮನೆಯ ಗೋಡೆ ಖೊಕ್ ಖೊಕ್ ಅಂತು. ತಿನ್ನುತ್ತಿದ್ದವರು ತುತ್ತು ಬಿಟ್ಟು, ಸ್ನಾನಕ್ಕೆ ನಿಂತವರು ಚೊಂಬು ಬಿಟ್ಟು, ಮುಚ್ಚಲು ಓಡಿದರು. ಆಮೇಲೆ ಅದೇ ಪರಿಪಾಠವಾಯಿತು. ದೀಪ ಹಚ್ಚುವ ಹೊತ್ತಿಗೆ ಊರಿನವರೆಲ್ಲ ನಡುಮನೆಯಲ್ಲಿ ಗಂಟಲು ಸರಿಮಾಡಿಕೊಂಡು ಕಾಯುತ್ತಾರೆ. ಉಂಡೆ ಕಟ್ಟಿ ಕಟ್ಟಿ ನನ್ನ ಕೈ ಬಿದ್ದುಹೋಗುತ್ತಿದೆ.

ಕಡೆಗೆ ಗುರುಪಾದಯ್ಯನವರೇ ಬಂದರು. ಶಲ್ಯವಿಲ್ಲ, ಗಂಟಲು ಒಡೆದು ದನಿಯೇ ಹೊರಡುತ್ತಿರಲಿಲ್ಲ. ನಾನು ಜಗಲಿಯಲ್ಲೇ ಶುಂಠಿ ಹೆರೆಯುತ್ತಾ ಕೂತಿದ್ದೆ.

"ತಿಮ್ಮಾಜಮ್ಮಾ, ಮುಂದಿನ ಬೆಂಚಿಗೆ ಬಂದ್ಬಿಡು. ಗೋಡೆ ಪಕ್ಕದ ಜಾಗಾನೇ ತಗೋ, ಅಳಿಯನ್ನ ಎಬ್ಬಿಸ್ತೀನಿ. ಆದ್ರೆ ಈ ಕೂಗೋದೊಂದು ಬಿಡು ತಾಯಿ."

"ಹಿಂದಿನ ಬೆಂಚೇ ಚೆನ್ನಾಗಿದೆ ಯಜಮಾನ್ರೇ, ಗಾಳಿ ಬರ್ತದೆ."

"ಹೋಗ್ಲಿ, ಸ್ವಲ್ಪ ಮೆಲ್ಲಗಾದ್ರೂ ಹೇಳು."

"ಮೆಲ್ಲಗೆ ಹೇಳಿದ್ರೆ ಹೆಂಗೆ? ನಮ್ಮ ಮನೆಯವ್ರಿಗೆ ಕೇಳಿಸ್ಬೇಕಲ್ಲ. ಅವ್ರ ಕಿವಿ ಮಂದ, ನಿಮಗೇ ಗೊತ್ತಲ್ಲ" ಅಂದಳು ತಿಮ್ಮಾಜಮ್ಮ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಹೊತ್ತು ನೋಡಿದಳು, ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು. ಗುರುಪಾದಯ್ಯ ಮಾತು ಅರ್ಧಕ್ಕೇ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು, ತಮ್ಮ ಮನೆಯ ಕಡೆ ಬಿದ್ದಂಬೀಳ ಓಡಿದರು.

ಕೂಗಿದ ಮೇಲೆ ಅವಳು ಬೀದಿಯ ಗಲಾಟೆಯನ್ನು ನೋಡಲು ನಿಲ್ಲುವುದಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕತ್ತಿಯ ಕೆಳಗೆ ಮರಿದೇವಯ್ಯನ ಮಣೆ ಹಾಗೇ ಇದೆ, ಅದರ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುತ್ತಾಳೆ. ಊರೆಲ್ಲ ಕೆಮ್ಮುತ್ತಿರುತ್ತದೆ. ಆ ಮನೆಯಲ್ಲಿ ಮಾತ್ರ ಏನೂ ಕೇಳಿಸುವುದಿಲ್ಲ. ಅವಳು ಅದನ್ನೇ ಕೇಳುತ್ತಾ ಕೂರುತ್ತಾಳೆ, ಗಂಡನ ಪಾಲಿನದೂ ಸೇರಿಸಿ.